ಹಾಳಾಗದೆ ಉಳಿದ ಹಂಪೆ

ಹಂಪೆಯ ಉಗ್ರನರಸಿಂಹನನ್ನು ನೋಡಲು ಹೋದ ಶಾಲಾ ಮಕ್ಕಳ ತಂಡ ಬಸ್ಸು ಹತ್ತುವ ಮೊದಲು ಪಕ್ಕದ ಪುಟ್ಟ ಗುಡಿಗೂ ಒಮ್ಮೆ ಇಣುಕುವುದು ವಾಡಿಕೆ. ಮೇಲ್ಛಾವಣಿ ಬಾಯ್ದೆರೆದ ಆ ಗುಡಿಯೊಳಗೆ ಸುಮಾರು 3 ಮೀಟರ್ ಎತ್ತರದ, ಒಂದೇ ಕಲ್ಲಿನ ಶಿವಲಿಂಗವಿದೆ. ಬಡ ಹೆಂಗಸೊಬ್ಬಳು ಮಾಡಿಸಿದ್ದರಿಂದ ಇದಕ್ಕೆ ಬಡವಿಲಿಂಗವೆಂಬ ಹೆಸರು ಬಂತೆಂದು ಹೇಳುತ್ತಾರೆ. ಲಿಂಗದ ಪೀಠ ಸದಾ ನೀರಿನಲ್ಲಿ ಮುಳುಗಿರುತ್ತದೆ. ಮಕ್ಕಳು ಅದರಲ್ಲಿ ನಾಣ್ಯ ಎಸೆಯುತ್ತಾರೆ. ಗೈಡು ಕಥೆ ಮುಗಿಸುವಷ್ಟರಲ್ಲಿ ಮೇಷ್ಟ್ರು ತಲೆ ಎಣಿಸಲು ಶುರು ಮಾಡಿರುತ್ತಾರೆ. ಕಲ್ಲುಬಂಡೆಗಳ ನಡುವೆ, ಬಿರುಬೇಸಗೆಯ ಈ ನಾಡಿನಲ್ಲಿ, ಗರ್ಭಗುಡಿಯೊಳಗೆ ಈ ನೀರು ಎಲ್ಲಿಂದ ಬಂತು ಎಂದು ಕೇಳುವವರು ಅಪರೂಪ.

ಅದು ತುಂಗಭದ್ರೆಯ ನೀರು. ಗುಡಿಯ ಬಳಿಯೇ ಹಾದುಹೋಗುವ ಕಾಲುವೆಯಿಂದ ಒಳಬಂದದ್ದು. ಜನ ಇದನ್ನು ತುರ್ತು ಕಾಲುವೆ ಎನ್ನುತ್ತಾರೆ. ಶಾಸನಗಳಲ್ಲಿ ಬರುವ ‘ಹಿರಿಯ ಕಾಲುವೆ’ ಇದೇ ಎಂಬುದು ವಿದ್ವಾಂಸರ ಅಭಿಪ್ರಾಯ. 1565ರ ಜನವರಿ 23ರಂದು ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯ ಸತ್ತ ಮೇಲೆ ಈ ಊರನ್ನು ತಿಂಗಳುಗಟ್ಟಲೆ ಲೂಟಿ ಮಾಡಿದರು, ಸುಟ್ಟರು, ಒಡೆದರು. ಅರಮನೆಗಳ ಮರದ ಭಾಗಗಳೆಲ್ಲ ಬೂದಿಯಾಗಿ ಕಲ್ಲಿನ ಜಗತಿಗಳಷ್ಟೇ ಉಳಿದವು. ಆದರೆ ಕಾಲುವೆ ಹರಿಯುವುದನ್ನು ಬಿಡಲಿಲ್ಲ. ಅಂದು ರಾಜಧಾನಿಗೆ ಅನ್ನ ಕೊಟ್ಟ ಕಣಿವೆಯಲ್ಲಿ ಇಂದಿಗೂ ಅದೇ ಕಾಲುವೆಯ ನೀರಿನಿಂದ ಬಾಳೆ, ಕಬ್ಬು, ಭತ್ತ ಬೆಳೆಯುತ್ತಿವೆ. ‘ಹಾಳು ಹಂಪೆ’ ಎಂದು ನಾವೆಲ್ಲ ಹೇಳಿಕೊಂಡು ಬಂದ ಊರಿನಲ್ಲಿ ಹಾಳಾಗದೆ ಉಳಿದ ಅತಿ ದೊಡ್ಡ ಸ್ಮಾರಕ ಈ ನೀರಿನ ಏರ್ಪಾಡೇ. ಟಿಕೆಟ್ಟಿಲ್ಲ, ಫಲಕವಿಲ್ಲ, ಬೇಲಿಯಿಲ್ಲ. ಅದಕ್ಕೇ ಅದು ಸ್ಮಾರಕವೆಂದು ಯಾರಿಗೂ ತೋರುವುದಿಲ್ಲ.

ಹೊಸಪೇಟೆ, ಹಂಪೆ, ಸಂಡೂರು, ಕಂಪ್ಲಿ - ಈ ನಾಲ್ಕು ಊರುಗಳನ್ನು ಎರಡು ಮೂರು ದಿನಗಳಲ್ಲಿ ನೋಡಿ ಬರಬಹುದು. ಹೊಸಪೇಟೆಯಿಂದ ಹಂಪೆ 12-13 ಕಿಲೋಮೀಟರ್. ಸಂಡೂರು ದಕ್ಷಿಣಕ್ಕೆ, ಕಂಪ್ಲಿ ಈಶಾನ್ಯಕ್ಕೆ, ಎರಡೂ ಸುಮಾರು 30 ಕಿಲೋಮೀಟರ್ ದೂರ. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆಯಾದಾಗ ಸಂಡೂರು, ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಆದರೆ ನೀರಿಗೆ ಜಿಲ್ಲೆಯ ಗಡಿ ಗೊತ್ತಿಲ್ಲ. ಈ ನಾಲ್ಕೂ ಊರುಗಳನ್ನು ಹೊಲಿದು ನಿಲ್ಲಿಸಿರುವುದು ಅದೇ.

ಮೊದಲು ನೆಲದ ವಿಚಾರ. ಇಲ್ಲಿ ವರ್ಷಕ್ಕೆ 60 ಸೆಂಟಿಮೀಟರ್ ಆಸುಪಾಸು ಮಳೆ, ಅದೂ ನಂಬುವಂಥದ್ದಲ್ಲ. ನೆಲ ಗ್ರಾನೈಟು, ನೀರು ಇಂಗುವುದು ಕಡಿಮೆ. ದೈತ್ಯರು ಆಟವಾಡಿ ಎಸೆದಂತೆ ಒಂದರ ಮೇಲೊಂದು ಕೂತ ಗುಂಡುಗಳನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ವಾಲಿ ಸುಗ್ರೀವರು ಕಾದಾಡಿ ಎಸೆದದ್ದು ಎಂಬ ಸ್ಥಳಪುರಾಣವೂ ಇದೆ. ವಾಸ್ತವದಲ್ಲಿ ಅವನ್ನು ಯಾರೂ ಎಸೆದಿಲ್ಲ, ಅವು ಇದ್ದಲ್ಲೇ ಇವೆ. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದಾದ ಈ ಬಂಡೆ ನೆಲದಡಿಯಲ್ಲಿ ಉದ್ದುದ್ದ, ಅಡ್ಡಡ್ಡ ಬಿರುಕು ಬಿಟ್ಟಿತು. ಬಿರುಕಿಗೆ ನೀರಿಳಿದು ಮೂಲೆಗಳು ಮೊದಲು ಕೊಳೆತು ಪುಡಿಯಾದವು. ಚೌಕಗಳು ಉರುಟಾದವು. ಮೇಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳು ಪೇರಿಸಿಟ್ಟಂತೆ ಉಳಿದವು. ಬಿಸಿಲಿಗೆ ಹಿಗ್ಗಿ ಇರುಳಿಗೆ ಕುಗ್ಗಿ ಈರುಳ್ಳಿಯ ಸಿಪ್ಪೆಯಂತೆ ಪದರ ಕಳಚುತ್ತಿರುವ ಬಂಡೆಗಳನ್ನು ಹೇಮಕೂಟದ ಮೇಲೆಯೇ ನೋಡಬಹುದು. ಒಂಬತ್ತನೆಯ ತರಗತಿಯ ಶಿಲೆಗಳ ಪಾಠವನ್ನು ಅಲ್ಲಿ ಕುಳಿತು ಓದಿದರೆ ಮರೆಯುವ ಮಾತೇ ಇಲ್ಲ.

ಇಂಥ ಜಾಗದಲ್ಲಿ ಲಕ್ಷಾಂತರ ಜನರ ಪಟ್ಟಣ ಕಟ್ಟಬೇಕಾದರೆ ನದಿಯನ್ನೇ ಊರೊಳಗೆ ಕರೆತರಬೇಕು. ನದಿಯೋ ತಗ್ಗಿನಲ್ಲಿದೆ. ಪಂಪಿಲ್ಲ, ವಿದ್ಯುತ್ತಿಲ್ಲ. ವಿಜಯನಗರದವರು ಹಿಡಿದದ್ದು ಬಹಳ ಸರಳವಾದ ಉಪಾಯ. ನದಿ ತನ್ನ ಪಾತ್ರದಲ್ಲಿ ಬೇಗ ಬೇಗ ಇಳಿಯುತ್ತಾ ಹೋಗುತ್ತದೆ. ಅದರ ಮೇಲ್ಭಾಗದಲ್ಲಿ ನೀರನ್ನು ಪಕ್ಕಕ್ಕೆ ತಿರುಗಿಸಿ, ನದಿಗಿಂತ ಬಹಳ ಕಡಿಮೆ ಇಳಿಜಾರಿನಲ್ಲಿ ಗುಡ್ಡದ ಮಗ್ಗುಲು ಹಿಡಿದು ಕಾಲುವೆ ತೋಡಿದರೆ ಕೆಲವು ಮೈಲಿಗಳ ನಂತರ ಕಾಲುವೆ ಮೇಲೆ, ನದಿ ಕೆಳಗೆ. ನಡುವಿನ ಜಮೀನಿಗೆಲ್ಲ ನೀರು ತಾನಾಗಿ ಇಳಿಯುತ್ತದೆ. ಹೇಳುವುದು ಸುಲಭ. ಇಳಿಜಾರು ಹೆಚ್ಚಾದರೆ ದಡ ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಬಂಡೆಗಳ ನಡುವೆ ಬಳುಕಿ ಸಾಗುವ ಕಾಲುವೆಗೆ ಆ ಹದವನ್ನು ಕಂಡುಕೊಂಡು, ಅದು ಇಂದಿಗೂ ಹರಿಯುವಂತೆ ಮಾಡಿದವರ ಲೆಕ್ಕಾಚಾರ ಸಾಮಾನ್ಯದ್ದಲ್ಲ.

ನೀರನ್ನು ತಿರುಗಿಸಲು ಕಟ್ಟಿದ್ದು ಅಣೆ, ಅಂದರೆ ತಗ್ಗಿನ ಒಡ್ಡು. ನೀರನ್ನು ಕೂಡಿಡುವುದು ಅದರ ಕೆಲಸವಲ್ಲ, ಮಟ್ಟವನ್ನು ಸ್ವಲ್ಪ ಏರಿಸುವುದಷ್ಟೆ. ಪ್ರವಾಹ ಬಂದಾಗ ನೀರು ಅದರ ತಲೆಯ ಮೇಲೆ ಹಾದು ಹೋಗುತ್ತದೆ. ಹೊಳೆಯೊಳಗೆ ತಾನಾಗಿ ಎದ್ದುನಿಂತ ಬಂಡೆಗಳನ್ನೇ ಆಧಾರ ಮಾಡಿಕೊಂಡು, ಬಂಡೆಗೂ ಬಂಡೆಗೂ ನಡುವಿನ ಸಂದನ್ನು ಕಲ್ಲಿನಿಂದ ಮುಚ್ಚಿ, ಕಲ್ಲುಗಳನ್ನು ಕಬ್ಬಿಣದ ಕೊಂಡಿಗಳಿಂದ ಬಿಗಿದರು. ಆದ್ದರಿಂದಲೇ ಈ ಅಣೆಗಳು ನೇರಗೆರೆಯಲ್ಲಿಲ್ಲ, ಬಂಡೆ ಎಲ್ಲಿದೆಯೋ ಅಲ್ಲಿಗೆ ಅಂಕುಡೊಂಕಾಗಿ ಹೋಗುತ್ತವೆ. ಬಲದಂಡೆಯಲ್ಲಿ ರಾಯ, ಬಸವಣ್ಣ, ಬೆಲ್ಲ, ತುರ್ತು, ಕಾಳಘಟ್ಟ, ರಾಮಸಾಗರ, ಕಂಪ್ಲಿ ಕಾಲುವೆಗಳು. ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳು. ಎಲ್ಲವನ್ನೂ ಒಟ್ಟಾಗಿ ಇಂದಿನ ನೀರಾವರಿ ಇಲಾಖೆಯ ಕಡತಗಳಲ್ಲೂ ‘ವಿಜಯನಗರ ಕಾಲುವೆಗಳು’ ಎಂದೇ ಕರೆಯುತ್ತಾರೆ. ಸಾಮ್ರಾಜ್ಯ ಹೋದ ನಾಲ್ಕೂವರೆ ಶತಮಾನದ ಮೇಲೂ ಸರ್ಕಾರಿ ಕಡತದಲ್ಲಿ ಅದರ ಹೆಸರು ಚಾಲ್ತಿಯಲ್ಲಿದೆ ಎಂದಾಯಿತು.

1535ರ ಆಸುಪಾಸಿನಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನುನಿಜ್, ಹಿಂದಿನ ಅರಸನೊಬ್ಬ ಹೊಳೆಗೆ ದೊಡ್ಡ ದೊಡ್ಡ ಕಲ್ಲು ಉರುಳಿಸಿ ಅಣೆ ಕಟ್ಟಿ ಪಟ್ಟಣಕ್ಕೆ ನೀರು ತಂದನೆಂದೂ, ಅದರಿಂದ ಅರಸನ ಆದಾಯ ಬಹಳ ಹೆಚ್ಚಿತೆಂದೂ ಬರೆದಿದ್ದಾನೆ. ಆ ಅರಸ ಒಂದನೆಯ ದೇವರಾಯನೆಂದು ಇತಿಹಾಸಕಾರರು ಗುರುತಿಸುತ್ತಾರೆ. ಹದಿನೈದನೆಯ ಶತಮಾನದ ಆರಂಭದಲ್ಲಿ ಆಳಿದವನು. ಪಠ್ಯಪುಸ್ತಕದಲ್ಲಿ ಎರಡನೆಯ ದೇವರಾಯನಿಗೆ ಒಂದು ಪುಟ, ಕೃಷ್ಣದೇವರಾಯನಿಗೆ ನಾಲ್ಕು ಪುಟ. ಈತನಿಗೆ ಸಿಗುವುದು ಒಂದು ಸಾಲು. ಊರಿಗೆ ನೀರು ತಂದವನಿಗೆ ಅಷ್ಟು ಕಡಿಮೆ ಸಾಲದು.

ಇನ್ನು ಕೆಲಸ ಮಾಡಿದ ಎಂಜಿನಿಯರರ ಹೆಸರುಗಳು? ಹೆಚ್ಚಿನವು ಅಳಿದುಹೋಗಿವೆ. ಆದರೆ ಒಂದೆರಡು ಶಾಸನಗಳು ಬಾಯಿಬಿಡುತ್ತವೆ. 1388ರ ಒಂದು ಕನ್ನಡ ಶಾಸನದಲ್ಲಿ ರಾಜಕುಮಾರ ಪ್ರತಾಪ ಬುಕ್ಕರಾಯ ಪೆನುಗೊಂಡೆಗೆ ನೀರು ಬೇಕೆಂದು ಹೆನ್ನೆ ನದಿಯಿಂದ, ಅಂದರೆ ಉತ್ತರ ಪಿನಾಕಿನಿಯಿಂದ, ಕಾಲುವೆ ತೆಗೆಯಲು ಸಿಂಗಾಯಭಟ್ಟನೆಂಬ ಜಲಸೂತ್ರ ಬಲ್ಲವನಿಗೆ ಅಪ್ಪಣೆ ಕೊಟ್ಟದ್ದು ದಾಖಲಾಗಿದೆ. ‘ಜಲಸೂತ್ರ’ ಎಂಬುದು ಆಗಲೇ ಒಂದು ವಿದ್ಯೆಯ ಹೆಸರಾಗಿತ್ತು ಎಂಬುದನ್ನು ಗಮನಿಸಬೇಕು. ಅದಕ್ಕೂ ಮುಂಚೆ, 1369ರಲ್ಲಿ, ಬುಕ್ಕರಾಯನ ಮಗ ಭಾಸ್ಕರ ಈಗಿನ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಹಾಕಿಸಿದ ಶಾಸನವಂತೂ ಒಂದು ಪುಟ್ಟ ಪಠ್ಯಪುಸ್ತಕ. ಸಾವಿರ ಆಳು, ನೂರು ಬಂಡಿ, ಎರಡು ವರ್ಷದ ಕೆಲಸ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಬರಬಾರದ 6 ದೋಷಗಳನ್ನೂ ಅದರಲ್ಲಿ ಪಟ್ಟಿ ಮಾಡಿದ್ದಾರೆ. ಏರಿಯಿಂದ ನೀರು ಜಿನುಗುವುದು ಒಂದು ದೋಷ, ನೆಲ ಚೌಳಾಗಿರುವುದು ಇನ್ನೊಂದು. ಕೆರೆಯ ನಡುವೆ ದಿಬ್ಬವಿರುವುದು, ನೀರು ಕಡಿಮೆ ಇದ್ದು ಜಮೀನು ಹೆಚ್ಚಿರುವುದು, ಜಮೀನು ಕಡಿಮೆ ಇದ್ದು ನೀರು ಹೆಚ್ಚಿರುವುದು ಕೂಡ ದೋಷಗಳೇ. ಇವುಗಳ ಜೊತೆಗೆ ಮತ್ತೊಂದಿದೆ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು! ನದಿ ನೀರಿನ ವ್ಯಾಜ್ಯಗಳ ಸುದ್ದಿ ಓದಿ ಬೇಸತ್ತವರು ಆ ಶಾಸನ ಬರೆಸಿದವರಿಗೆ ಕೈಮುಗಿಯಬೇಕು.

ಹಂಪೆಯ ಅರಮನೆ ಆವರಣಕ್ಕೆ ಬಂದರೆ ಇದೇ ವಿದ್ಯೆಯ ನಾಜೂಕು ರೂಪ ಕಾಣುತ್ತದೆ. ಕಮಲಾಪುರದ ಕೆರೆಯ ಕಡೆಯಿಂದ ಕಲ್ಲುಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಜೋಡಿಸಿ ನೀರನ್ನು ಎತ್ತರದಲ್ಲೇ ತಂದು, ಸುಟ್ಟ ಮಣ್ಣಿನ ಕೊಳವೆಗಳಲ್ಲಿ ಇಳಿಸಿ, ಕೊಳಗಳಿಗೆ, ಸ್ನಾನಗೃಹಗಳಿಗೆ ಹಂಚಿದ್ದಾರೆ. ಅಲ್ಲಿರುವ ಮೆಟ್ಟಿಲು ಪುಷ್ಕರಣಿ 1980ರ ದಶಕದವರೆಗೆ ಮಣ್ಣಿನಡಿಯಲ್ಲಿತ್ತು. ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ಐದು ಅಂತಸ್ತಿನ, ಸುಮಾರು 22 ಮೀಟರ್ ಚೌಕದ ಕಪ್ಪುಕಲ್ಲಿನ ಕೊಳ ಹೊರಬಂತು. ಇಂದು ಅದರ ಚಿತ್ರವಿಲ್ಲದ ಕ್ಯಾಲೆಂಡರಿಲ್ಲ. ಚಿತ್ರದಲ್ಲಿ ಕಾಣದ ಸಂಗತಿಯೊಂದಿದೆ. ಹತ್ತಿರ ಹೋಗಿ ನೋಡಿದರೆ ಕಲ್ಲುಗಳ ಮೇಲೆ ಕೆತ್ತಿದ ಗುರುತುಗಳು ಸಿಗುತ್ತವೆ: ಯಾವ ದಿಕ್ಕಿನದು, ಯಾವ ಸಾಲಿನದು, ಎಷ್ಟನೆಯ ಮೆಟ್ಟಿಲಿನದು. ಬೇರೆಡೆ ಕಡೆದು ಸಿದ್ಧಪಡಿಸಿ, ತಂದು, ಗುರುತು ನೋಡಿ ಜೋಡಿಸಿದ ಕೊಳ ಇದು. ಕೊಳಕ್ಕೆ ನೀರು ತರುವ ಕಲ್ಲಿನ ದೋಣಿಯ ಸಾಲು ಇನ್ನೂ ಅಲ್ಲೇ ನಿಂತಿದೆ. ಮಕ್ಕಳು ಆ ದೋಣಿಯ ಜಾಡು ಹಿಡಿದು ಹಿಂದಕ್ಕೆ ನಡೆದರೆ ಪಟ್ಟಣದ ನಕ್ಷೆ ಅರ್ಧ ತಿಳಿದಂತೆ. ವಿರೂಪಾಕ್ಷ ಗುಡಿಯಲ್ಲಿ ಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನೂ ತಪ್ಪದೆ ನೋಡಬೇಕು. ಸೂಜಿರಂಧ್ರ ಕ್ಯಾಮೆರಾದ ಪಾಠಕ್ಕೆ ಅಷ್ಟು ದೊಡ್ಡ ಉಪಕರಣ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ.

ಹೊಸಪೇಟೆಯನ್ನು ಹೆಚ್ಚಿನವರು ರಾತ್ರಿ ಉಳಿಯಲು ಮಾತ್ರ ಬಳಸುತ್ತಾರೆ. ಇದು ಕೃಷ್ಣದೇವರಾಯ ಕಟ್ಟಿಸಿದ ಹೊಸ ಪಟ್ಟಣ. ಹಳೆಯ ಹೆಸರು ನಾಗಲಾಪುರ. ಈ ಹೊಸ ಊರಿಗಾಗಿ ರಾಯ ಎರಡು ಗುಡ್ಡಗಳ ನಡುವೆ ಭಾರಿ ಏರಿ ಹಾಕಿಸಿದ. ಆ ಕೆಲಸ ನಡೆಯುವಾಗಲೇ, 1520ರ ಸುಮಾರಿಗೆ, ಪೇಸ್ ಎಂಬ ಇನ್ನೊಬ್ಬ ಪೋರ್ಚುಗೀಸ್ ಅದನ್ನು ಕಣ್ಣಾರೆ ಕಂಡ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿದ್ದು, ಅವರು ನಡೆಯುತ್ತಿದ್ದ ನೆಲವೇ ಕಾಣುತ್ತಿರಲಿಲ್ಲವಂತೆ. ಏರಿಯನ್ನು ತುಂಡು ತುಂಡಾಗಿ ನಾಯಕರಿಗೆ ಹಂಚಿಕೊಟ್ಟು, ತಮ್ಮ ತಮ್ಮ ಪಾಲಿನ ಕೆಲಸಕ್ಕೆ ಅವರನ್ನೇ ಹೊಣೆ ಮಾಡಲಾಗಿತ್ತು.

ಆದರೂ ಏರಿ ನಿಲ್ಲಲಿಲ್ಲ. ಎರಡು ಮೂರು ಬಾರಿ ಒಡೆಯಿತು. ಮುಂದಿನ ಕಥೆಯನ್ನು ಮಕ್ಕಳಿಗೆ ಹೇಳಲು ಗೈಡುಗಳು ಹಿಂಜರಿಯುತ್ತಾರೆ, ಹೇಳಬೇಕಾದದ್ದೇ. ಬಲಿ ಕೊಡದೆ ಕೆರೆ ನಿಲ್ಲದೆಂದು ಅರಸನಿಗೆ ಸಲಹೆ ಬಂತು. ಮನುಷ್ಯರನ್ನೂ ಕುದುರೆ, ಕೋಣಗಳನ್ನೂ ಬಲಿ ಕೊಡಲಾಯಿತೆಂದು ಪೇಸ್ ಬರೆಯುತ್ತಾನೆ. ಬಲಿಯಾದವರು ಮರಣದಂಡನೆಗೆ ಅರ್ಹರಾಗಿದ್ದ ಸೆರೆಯಾಳುಗಳೆಂದು ನುನಿಜ್ ಸೇರಿಸುತ್ತಾನೆ. ಅಷ್ಟೇ ಹೊತ್ತಿಗೆ ಅರಸ ಗೋವೆಯಿಂದ ಜುವಾಂವ್ ದೆಲ್ಲಾ ಪೊಂತೆ ಎಂಬ ಕಲ್ಲುಕೆಲಸದ ನಿಪುಣನನ್ನೂ ಕರೆಸಿಕೊಂಡಿದ್ದ. ಆತ ಮೊದಲಿಗೆ ಸುಣ್ಣ ಬೇಕೆಂದಾಗ, ನಮ್ಮಲ್ಲಿ ಮನೆ ಕಟ್ಟುವವರಿಗೇ ಸುಣ್ಣ ಎಂದರೇನೆಂದು ಗೊತ್ತಿಲ್ಲ ಎಂದು ಅರಸ ನಕ್ಕನಂತೆ. ಇದನ್ನು ನುನಿಜ್‌ನ ಬಾಯಿಮಾತೆಂದು ಬಿಡಬೇಕು. ಗಾರೆ ಕೆಲಸದ ಗೋಪುರಗಳು ಇಲ್ಲಿ ಅದಾಗಲೇ ಬೇಕಾದಷ್ಟಿದ್ದವು. ಕಡೆಗೆ ಏರಿ ನಿಂತದ್ದು ಬಲಿಯಿಂದಲೋ ಕಟ್ಟುವ ಕ್ರಮ ಸರಿಪಡಿಸಿದ್ದರಿಂದಲೋ ಎಂದು ಕೇಳಿದರೆ ಎಂಟನೆಯ ತರಗತಿಯ ಹುಡುಗಿಯೂ ಉತ್ತರ ಹೇಳುತ್ತಾಳೆ. ಆದರೆ ಆ ಏರಿಯಡಿ ಯಾರ ತಲೆಗಳು ಬಿದ್ದವೋ ಅವರ ಹೆಸರನ್ನು ಪೇಸನೂ ಬರೆಯಲಿಲ್ಲ, ನುನಿಜನೂ ಬರೆಯಲಿಲ್ಲ. ಹೊಸ ಜಮೀನಿಗೆ ಒಂಬತ್ತು ವರ್ಷ ಕಂದಾಯ ಮಾಫಿ ಕೊಟ್ಟದ್ದನ್ನು ಮಾತ್ರ ನುನಿಜ್ ಮರೆಯದೆ ಬರೆದ.

ಹೊಸಪೇಟೆಯಿಂದ ಸಂಡೂರಿನ ಕಡೆ ಹೊರಟಾಗ ಊರ ಹೊರಗೆ ರಸ್ತೆ ಏರುವ ಭಾರಿ ದಿಬ್ಬವನ್ನು ಜನ ರಾಯರ ಕೆರೆ ಏರಿ ಎನ್ನುತ್ತಾರೆ. ಪೇಸ್ ಕಂಡ ಏರಿ ಇದೇ ಎಂದು, ‘ಮರೆತುಹೋದ ಸಾಮ್ರಾಜ್ಯ’ದ ಕಥೆಯನ್ನು 1900ರಲ್ಲಿ ಇಂಗ್ಲಿಷಿನಲ್ಲಿ ಬರೆದ ರಾಬರ್ಟ್ ಸೆವೆಲ್‌ನಿಂದ ಹಿಡಿದು ಹಲವರು ಗುರುತಿಸಿದ್ದಾರೆ. ಕೆರೆಯಲ್ಲಿ ನೀರಿಲ್ಲ, ಅಂಗಳ ಹೊಲವಾಗಿದೆ. ಬಸ್ಸಿನಲ್ಲಿ ಹೋಗುವವರಿಗೆ ಅದು ರಸ್ತೆಯ ಒಂದು ಏರು ಮಾತ್ರ.

ಅದೇ ರಾಯನ ಕಾಲದ, 1521ರ, ವಲ್ಲಭಾಪುರದ ಅಣೆ ಬೇರೊಂದು ರೀತಿಯಲ್ಲಿ ಮರೆಯಾಯಿತು. ಅದು ಈಗ ತುಂಗಭದ್ರಾ ಜಲಾಶಯದ ತಳದಲ್ಲಿದೆ. 1945ರಲ್ಲಿ ಆಗಿನ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಶಂಕುಸ್ಥಾಪನೆ ಮಾಡಿದ ಅಣೆಕಟ್ಟು 1953ರಲ್ಲಿ ಕಾಲುವೆಗೆ ನೀರು ಬಿಟ್ಟಿತು. ಮದ್ರಾಸಿನ ಎಂಜಿನಿಯರ್ ತಿರುಮಲೆ ಅಯ್ಯಂಗಾರ್ ಅವರ ಹೆಸರು ಈ ಕೆಲಸದೊಡನೆ ಸೇರಿಕೊಂಡಿದೆ. ಸಿಮೆಂಟಿನ ಬದಲು ಸುಣ್ಣ ಮತ್ತು ಸುರ್ಕಿ, ಅಂದರೆ ಇಟ್ಟಿಗೆ ಪುಡಿಯ ಗಾರೆಯಿಂದ ಕಟ್ಟಿದ ಅಣೆಕಟ್ಟು ಇದು. ರಾಯ ನಕ್ಕನೆನ್ನಲಾದ ಸುಣ್ಣವೇ ಕಡೆಗೆ ಹೊಳೆಯನ್ನು ಹಿಡಿದು ನಿಲ್ಲಿಸಿತು. ಸುಮಾರು 90 ಹಳ್ಳಿಗಳು ಮುಳುಗಿ 54 ಸಾವಿರಕ್ಕೂ ಹೆಚ್ಚು ಜನ ಮನೆಮಾರು ಬಿಟ್ಟರು. ಮೊದಲಿಗೆ 130 ಟಿಎಂಸಿ ಅಡಿ ಮೀರಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿ ಅಡಿಗೆ ಇಳಿದಿದೆ.

2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯ, ಹರಿಯುವ ನೀರು. ಅದರ ನಡುವೆಯೇ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಆ ವಾರ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳ ರೈತರು ಮಾತ್ರವಲ್ಲ, ಆಂಧ್ರ, ತೆಲಂಗಾಣದ ರೈತರೂ ಉಸಿರು ಬಿಗಿಹಿಡಿದು ಕಾದರು. ಎಪ್ಪತ್ತು ವರ್ಷದ ಗೇಟಿನ ಸರಪಳಿಗೂ ಐನೂರು ವರ್ಷದ ಅಣೆಗೂ ವಿಧಿ ಒಂದೇ. ಯಾರಾದರೂ ವರ್ಷವರ್ಷ ಹೋಗಿ ನೋಡುತ್ತಿರಬೇಕು.

ರಾಯರ ಕೆರೆ ಏರಿ ದಾಟಿ ದಕ್ಷಿಣಕ್ಕೆ ನಡೆದರೆ ಸಂಡೂರಿನ ಬೆಟ್ಟಸಾಲು. ಬಯಲುಸೀಮೆಯ ನಡುವೆ ಇಷ್ಟು ಹಸಿರೇ ಎಂದು ಮಳೆಗಾಲದಲ್ಲಿ ಬಂದವರು ಹುಬ್ಬೇರಿಸುತ್ತಾರೆ. ಇಲ್ಲಿನ ಕಲ್ಲು ಹಂಪೆಯ ಕಲ್ಲಲ್ಲ. ಕೆಂಪು, ಕಪ್ಪು ಪಟ್ಟೆಗಳ ಕಬ್ಬಿಣದ ಅದಿರಿನ ಪದರುಗಳು. ಒಂದು ಕಾಲಕ್ಕೆ ಕಡಲ ತಳದಲ್ಲಿ ಕೂತದ್ದು ಈಗ ಬೆಟ್ಟವಾಗಿ ನಿಂತಿದೆ. ಊರಿನಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೆಟ್ಟದ ಮೇಲೆ ಬಾದಾಮಿ ಚಾಲುಕ್ಯರ ಕಾಲದ ಪಾರ್ವತಿ ಗುಡಿ, ರಾಷ್ಟ್ರಕೂಟರ ಕಾಲದ ಕುಮಾರಸ್ವಾಮಿ ಗುಡಿ ಇವೆ. ಹಂಪೆ ಹುಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲಿನವು. ಹೋಗುವ ದಾರಿಯಲ್ಲಿ ಹರಿಶಂಕರದ ಚಿಲುಮೆಯಿದೆ. ಘೋರ್ಪಡೆ ಮನೆತನ ಆಳಿದ ಈ ಪುಟ್ಟ ಸಂಸ್ಥಾನ 1932ರಲ್ಲಿಯೇ, ತಿರುವಾಂಕೂರಿನ ಪ್ರಸಿದ್ಧ ಘೋಷಣೆಗೆ ನಾಲ್ಕು ವರ್ಷ ಮುಂಚೆ, ಗುಡಿಯ ಬಾಗಿಲನ್ನು ಹರಿಜನರಿಗೆ ತೆರೆಯಿತು. ಮಹಾತ್ಮ ಗಾಂಧಿ 1934ರಲ್ಲಿ ಇಲ್ಲಿಗೆ ಬಂದುಹೋದರು. ಬಳ್ಳಾರಿ ಜಿಲ್ಲೆಯ ಮಕ್ಕಳಿಗಾದರೂ ಇದು ತಿಳಿದಿರಬೇಕು.

ಈ ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡು ಹರಿಯುವುದು ನಾರಿಹಳ್ಳ. ಓಬಳಗಂಡಿ, ಭೀಮಗಂಡಿ ಎಂಬ ಎರಡು ಕಡೆ ಅದು ಬೆಟ್ಟವನ್ನೇ ಸೀಳಿಕೊಂಡು ಹೋಗಿದೆ. ತಾರಾನಗರದ ಬಳಿ ಅದಕ್ಕೊಂದು ಅಣೆಕಟ್ಟು. ಅಲ್ಲಿಂದ ಮುಂದೆ ಹಳ್ಳ ದರೋಜಿಯ ದೊಡ್ಡ ಕೆರೆಯನ್ನು ತುಂಬುತ್ತದೆ. ದರೋಜಿ ಎಂದರೆ ಈಗ ಕರಡಿಧಾಮ ನೆನಪಾಗುತ್ತದೆ. ಆ ಕರಡಿಗಳೂ ಒಂದು ಲೆಕ್ಕದಲ್ಲಿ ಸಂಡೂರಿನ ಮಳೆಯ ಋಣದಲ್ಲಿವೆ.

ಹೊಸ ಶತಮಾನದ ಮೊದಲ ದಶಕದಲ್ಲಿ ಬೆಟ್ಟದ ಅದಿರಿಗೆ ಚೀನಾದಿಂದ ಬೇಡಿಕೆ ಬಂದದ್ದೇ ತಡ, ಕಣಿವೆಯ ಬಣ್ಣವೇ ಬದಲಾಯಿತು. ಹಗಲಿರುಳು ಲಾರಿ, ಮರ, ಮನೆ, ಶಾಲೆಯ ಬೆಂಚು ಎಲ್ಲದರ ಮೇಲೆ ಕೆಂಪು ಧೂಳು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಉತ್ಪಾದನೆಗೆ ಮಿತಿ ಗೊತ್ತುಮಾಡಿ ಹಂತ ಹಂತವಾಗಿ ಅನುಮತಿ ಸಿಕ್ಕಿತು. ಗಣಿಯಿಂದ ಅನ್ನ ತಿನ್ನುವ ಸಾವಿರಾರು ಮನೆಗಳು ಇಲ್ಲಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮರ ಹೋಗಿ ಸಡಿಲವಾದ ಬೆಟ್ಟದ ಮಣ್ಣು ಮಳೆಗೆ ಎಲ್ಲಿಗೆ ಇಳಿಯುತ್ತದೆ ಎಂದು ತಿಳಿಯಲು ವಿಜ್ಞಾನದ ಪದವಿ ಬೇಕಿಲ್ಲ. ಹಳ್ಳಕ್ಕಿಳಿದು ಕೆರೆಯ ತಳದಲ್ಲಿ ಕೂರುತ್ತದೆ. ಪೋರುಮಾಮಿಳ್ಳದ ಶಾಸನದ ದೋಷಗಳಿಗೆ ಏಳನೆಯದೊಂದನ್ನು ಸೇರಿಸಬಹುದು.

ಮತ್ತೆ ಹೊಳೆಯ ಕಡೆಗೆ. ಹಂಪೆಯ ವಿಠ್ಠಲ ಗುಡಿಯ ಬಳಿ ತುಂಗಭದ್ರೆಯ ಪಾತ್ರದಲ್ಲಿ ಸಾಲಾಗಿ ನಿಂತ ಕಲ್ಲುಕಂಬಗಳು ವಿಜಯನಗರದ ಕಾಲದ ಸೇತುವೆಯ ಅವಶೇಷ. ಮೇಲಿನ ಹಾಸು ಎಂದೋ ಹೋಯಿತು. ಅನಂತರ ಶತಮಾನಗಳವರೆಗೆ ಆನೆಗೊಂದಿಗೆ ದಾಟಲು ತಳವಾರಘಟ್ಟದ ಹರಿಗೋಲೇ ಗತಿ. ಬಿದಿರಿನ ದುಂಡು ಬುಟ್ಟಿಗೆ ಹೊರಗೆ ತೊಗಲು ಹೊದಿಸಿದ ಈ ದೋಣಿಯನ್ನು ಪೇಸನೂ ಕಂಡು ಬೆರಗಾಗಿದ್ದ. ದುಂಡಗಿರುವುದರಿಂದ ಬಂಡೆಗೆ ತಗುಲಿದರೆ ಒಡೆಯದೆ ಸುತ್ತಿ ಜಾರಿಕೊಳ್ಳುತ್ತದೆ. ತಳ ಚಪ್ಪಟೆ, ಆಳವಿಲ್ಲದಲ್ಲೂ ತೇಲುತ್ತದೆ.

1990ರ ದಶಕದಲ್ಲಿ ಇಲ್ಲಿ ತೂಗುಸೇತುವೆಯ ಕೆಲಸ ಶುರುವಾಯಿತು. ಎಡದಂಡೆಯ ಜನರಿಗೆ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ಅದು ಬೇಕಾಗಿತ್ತು. ಆದರೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದ ಹಂಪೆಯನ್ನು ಯುನೆಸ್ಕೊ 1999ರಲ್ಲಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಹಾಕಿತು, ಈ ಸೇತುವೆ ಕಾಮಗಾರಿಗಳು ಮುಖ್ಯ ಕಾರಣ. 2006ರಲ್ಲಿ ಆ ಪಟ್ಟಿಯಿಂದ ತೆಗೆದರು. ಸೇತುವೆ ಮಾತ್ರ 2009ರ ಜನವರಿಯಲ್ಲಿ, ಕೆಲಸ ಮುಗಿಯುವ ಮೊದಲೇ ಹೊಳೆಗೆ ಕುಸಿಯಿತು, ಕಾರ್ಮಿಕರು ಸತ್ತರು. ಹಳೆಯ ಸೇತುವೆಯ ಕಂಬಗಳು ಅಲ್ಲೇ ಸ್ವಲ್ಪ ದೂರದಲ್ಲಿ ನಿಂತೇ ಇದ್ದವು.

ಇದೇ ಹೊತ್ತಿಗೆ ಯುರೋಪಿನ ಬೋಸ್ನಿಯಾದಲ್ಲಿ ಇನ್ನೊಂದು ಸೇತುವೆಯ ಕಥೆ ನಡೆಯುತ್ತಿತ್ತು. ಮೋಸ್ತಾರ್ ಪಟ್ಟಣದಲ್ಲಿ ನೆರೆತ್ವಾ ನದಿಗೆ ಹಯ್ರುದ್ದೀನ್ ಎಂಬ ಶಿಲ್ಪಿ ಒಂದೇ ಕಮಾನಿನ ಕಲ್ಲಿನ ಸೇತುವೆ ಮುಗಿಸಿದ್ದು 1566ರಲ್ಲಿ, ಹಂಪೆ ಬಿದ್ದ ಮರುವರ್ಷ. 427 ವರ್ಷ ನಿಂತ ಅದನ್ನು ಅಂತರ್ಯುದ್ಧದಲ್ಲಿ 1993ರ ನವೆಂಬರ್ 9ರಂದು ಫಿರಂಗಿಯಿಂದ ಉರುಳಿಸಿದರು. ಅಲ್ಲಿಯ ಜನ ಅದೇ ಸೀಮೆಯ ಕಲ್ಲು ತಂದು, ಹಳೆಯ ಕ್ರಮದಲ್ಲೇ ಕಡೆದು, 2004ರಲ್ಲಿ ಮತ್ತೆ ಕಟ್ಟಿದರು. ಮರುವರ್ಷ ಅದೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿ ಪರಂಪರೆಗೂ ಜನರ ದಾರಿಗೂ ಒಂದೇ ಸೇತುವೆ ಸಾಕಾಯಿತು. ನಮ್ಮಲ್ಲಿ ಎರಡಕ್ಕೂ ಜಗಳ ಹತ್ತಿತು. ಕಡೆಗೆ ಸ್ಮಾರಕಗಳಿಂದ ಕೆಳಗೆ, ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ, ಸೇತುವೆಯೊಂದು ಬಂದು ಜನರ ಪರದಾಟ ಕಡಿಮೆಯಾಯಿತು.

ಹೊಳೆಯ ಜೊತೆ ಇನ್ನೂ ಕೆಳಗಿಳಿದರೆ ಕಂಪ್ಲಿ. ಪ್ರವಾಸಿ ಬಸ್ಸುಗಳು ಇಲ್ಲಿಗೆ ಬರುವುದಿಲ್ಲ. ಬರಬೇಕಾದ ಊರು. ಹನ್ನೊಂದನೆಯ ಶತಮಾನದಲ್ಲೇ ಇಲ್ಲಿ ಚಾಲುಕ್ಯರ ಅರಮನೆಯಿತ್ತು, ಅದನ್ನು ಚೋಳ ರಾಜಾಧಿರಾಜ ಹಾಳುಗೆಡವಿದ. ಹದಿನಾಲ್ಕನೆಯ ಶತಮಾನದಲ್ಲಿ ಕಂಪಿಲರಾಯ ಈ ಹೆಸರಿನ ರಾಜ್ಯ ಆಳಿದ. ಅವನ ಮಗನೇ ಜನಪದರ ನಾಲಿಗೆಯ ಮೇಲಿರುವ ಗಂಡುಗಲಿ ಕುಮಾರರಾಮ. ದೆಹಲಿಯ ಮೇಲೆ ದಂಗೆಯೆದ್ದು ಓಡಿಬಂದ ಬಹಾವುದ್ದೀನನಿಗೆ ಆಶ್ರಯ ಕೊಟ್ಟ ಕಾರಣಕ್ಕೆ ತುಘಲಕನ ಸೇನೆ ಮೇಲೆ ಬಿತ್ತು. 1327ರಲ್ಲಿ ಕಂಪಿಲರಾಯ ಹೋರಾಡಿ ಸತ್ತ, ಮೊರೆಹೊಕ್ಕವನನ್ನು ಬಿಟ್ಟುಕೊಡಲಿಲ್ಲ. ಮುಂದೆ ಹತ್ತೇ ವರ್ಷದೊಳಗೆ, 1336ರಲ್ಲಿ, ಹೊಳೆಯ ಮೇಲುಗಡೆ ವಿಜಯನಗರ ತಲೆಯೆತ್ತಿತು. ಹರಿಹರ ಬುಕ್ಕರು ಮೊದಲು ಕಂಪಿಲಿಯ ಸೇವೆಯಲ್ಲಿದ್ದರೆಂಬ ವಾದವೂ ಉಂಟು.

ಇಂದಿನ ಕಂಪ್ಲಿಯಲ್ಲಿ ಆ ಶೌರ್ಯದ ಗುರುತಾಗಿ ಹೊಳೆದಂಡೆಯ ಕೋಟೆ ಮತ್ತು ಗುಡಿಗಳಿವೆ. ಸುತ್ತಲೂ ವಿಜಯನಗರದ ಕಾಲುವೆಗಳ ಭತ್ತ, ಕಬ್ಬು. ಇತ್ತೀಚೆಗೆ ಈ ಕಾಲುವೆಗಳನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಆಧುನೀಕರಣಗೊಳಿಸಿ ಕಾಂಕ್ರೀಟು ಹಾಸಲಾಯಿತು. ಸೋರಿಕೆ ನಿಂತು ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟಬೇಕೆಂಬುದು ಉದ್ದೇಶ. ಅದು ಬೇಕಾದದ್ದೇ. ಹಳೆಯ ಕಾಲುವೆಯ ಮಣ್ಣಿನ ತಳದಿಂದ ಜಿನುಗಿದ ನೀರು ಪಕ್ಕದ ಬಾವಿಗಳಿಗೆ, ದಡದ ಮರಗಳಿಗೆ ಹೋಗುತ್ತಿತ್ತೆಂಬುದೂ ಅಷ್ಟೇ ನಿಜ. ಕಲ್ಲಿನ ಮಂಟಪದ ಒಂದು ಕಂಬ ಬದಲಿಸಲು ಹತ್ತು ಇಲಾಖೆಯ ಒಪ್ಪಿಗೆ ಬೇಕು. ಅದೇ ಕಾಲದ ಕಾಲುವೆಯನ್ನು ಪರಂಪರೆಯೆಂದು ನೋಡಬೇಕೋ ನೀರಾವರಿಯೆಂದು ನೋಡಬೇಕೋ ಎಂಬ ತಕರಾರು ಇನ್ನೂ ಬಗೆಹರಿದಿಲ್ಲ. ಹರಿಯುತ್ತಿರುವವರೆಗೆ ಅದನ್ನು ರೈತನ ಕೈಯಲ್ಲಿ ಬಿಡುವುದೇ ಮೇಲು. ಬೇಲಿ ಹಾಕಿ ಕಾಯ್ದ ಕಾಲುವೆ ಎರಡೇ ವರ್ಷದಲ್ಲಿ ಹೂಳು ತುಂಬುತ್ತದೆ.

ಮಳೆಗಾಲದಲ್ಲಿ ಕಂಪ್ಲಿಗೆ ಹೋಗುವವರು ಪತ್ರಿಕೆಯಲ್ಲಿ ಜಲಾಶಯದ ಹೊರಹರಿವನ್ನು ನೋಡಿಕೊಂಡು ಹೊರಡುವುದು ಒಳ್ಳೆಯದು. ಒಂದೂವರೆ ಲಕ್ಷ ಕ್ಯೂಸೆಕ್ ದಾಟಿತೆಂದರೆ ಹಂಪೆಯಲ್ಲಿ ಪುರಂದರ ಮಂಟಪ ನೀರಿನಲ್ಲಿರುತ್ತದೆ, ಇಲ್ಲಿ ಗಂಗಾವತಿಯ ಕಡೆಯ ಸೇತುವೆ ಮುಳುಗುವ ಭಯ. 2019ರ ಆಗಸ್ಟ್‌ನಲ್ಲಿ ಎರಡೂ ಮುಳುಗಿದ್ದವು. ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರಿನಲ್ಲಿ ತರಬೇಕಾಯಿತು. ಅಂಥ ದಿನ ಪೊಲೀಸರು ಕಂಪ್ಲಿಯ ಸೇತುವೆಗೆ ಅಡ್ಡಗಟ್ಟಿ ಕೆಂಪು ಬಾವುಟ ನೆಡುತ್ತಾರೆ. ಕಾಲೇಜಿನ ಹುಡುಗರು, ಹಾಲಿನ ಕ್ಯಾನಿನವರು, ಬಾಣಂತಿಯರು, ಎಲ್ಲರೂ ಹಿಂದಿರುಗಿ ಬುಕ್ಕರಾಯನ ಹೆಸರಿನ ಬುಕ್ಕಸಾಗರಕ್ಕೆ ಸುತ್ತಿಕೊಂಡು ಬಂದು, ಬಾಳೆತೋಟಗಳ ನಡುವಿನ ರಸ್ತೆಯಲ್ಲಿ ಕಡೇಬಾಗಿಲಿನ ಸೇತುವೆ ದಾಟುತ್ತಾರೆ.